ಎಳೆಯದವನ ಪಾಲು

ಎರ್ಮಾಳಿನ ಕಡಲ ಬದಿಯಲ್ಲಿ ದಡದಲ್ಲಿ ನಿಂತು ಎಳೆಯುವ ಕೈರಂಪಣಿ ಬಲೆಯ ಎರಡೂ ಹಗ್ಗ ಬಿಗಿಯಾಗುತ್ತಿದ್ದ ಹೊತ್ತಿಗೆ ವಾಸು ಮನೆಗೆ ಓಡಿ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಹೊಯಿಗೆಯ ಮೇಲೆ ಊರಿದರು. ಮಗ ಲಕ್ಷಿತ್‌ನ ಜೊತೆ ಮಣಿಪಾಲದಲ್ಲಿ ನಾಲ್ಕು ವರ್ಷ ಮೆಕ್ಯಾನಿಕಲ್ ಓದಿದ ಜೋಯಲ್ ಬಂದಿದ್ದ. ಹೆಸರು ಕೇಳಿ ಕಲ್ಯಾಣಪುರದ ಕ್ರಿಶ್ಚಿಯನ್ ಹುಡುಗ ಅಂದುಕೊಂಡಿದ್ದ ವಾಸು, ಮೊದಲ ಸಲ ಅವನನ್ನು ಅಂಗಳದಲ್ಲಿ ಕಂಡಾಗ ತೆರೆದ ಬಾಯಿ ಮುಚ್ಚಲು ಮರೆತಿದ್ದರು. ಹುಡುಗ ಆಫ್ರಿಕದ ಮಲಾವಿಯವನು. ಅಂದಿನಿಂದ ಅವನು ಬಂದಾಗಲೆಲ್ಲ ಕುರ್ಚಿ, ಕುಡಿಯಲು ಬೊಂಡ, ಅಂಜಲ್ ಮೀನಿನ ಫ್ರೈ. ಅವನಿಗೆ ಕೆಲಸ ಎಂದರೆ ಕೂರುವುದು ಮಾತ್ರ. ಇವತ್ತು ಕೊನೆಯ ಸಲ. ಸಂಜೆ ಬೆಂಗಳೂರಿನ ಬಸ್ಸು, ನಾಳೆ ವಿಮಾನ.

ಜೋಯಲ್ ಕೂರಲಿಲ್ಲ. ಹಗ್ಗವನ್ನೇ ನೋಡುತ್ತಿದ್ದ. ಒಂದೊಂದು ಹಗ್ಗಕ್ಕೆ ಇಪ್ಪತ್ತು ಮೂವತ್ತು ಜನ. ಹೆಂಗಸರು, ರಿಟೈರ್ಡ್ ಮಾಷ್ಟ್ರು, ಡೈರಿಗೆ ಹಾಲು ಹಾಕಿ ಹಾಗೇ ಬಂದವರು, ಶಾಲೆಗೆ ರಜೆ ಎಂದು ಎಳೆಯರೂ ಎಳೆಯುತ್ತಿದ್ದರು. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನಲ್ಲಿ ಪಾಲುಂಟು. ದಾರಿಯಲ್ಲಿ ಹೋಗುವವನು ಇಳಿದು ಬಂದು ನಾಲ್ಕು ಸಲ ಜಗ್ಗಿದರೂ ಉಂಟು. ಅದು ಹಿಂದಿನಿಂದ ಬಂದ ಕ್ರಮ.

"ಲಕ್ಷಿತ್," ಜೋಯಲ್ ಇಂಗ್ಲಿಷಿನಲ್ಲಿ ಮೆಲ್ಲ ಹೇಳಿದ, "ನಿನ್ನ ಅಪ್ಪನ ಹತ್ತಿರ ಕೇಳು. ನಾನೂ ಎಳೆಯಬಹುದಾ? ಇವತ್ತಾದರೂ."

ಆ 'ಇವತ್ತಾದರೂ' ಲಕ್ಷಿತ್‌ನ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಅವನಿಗೆ ಕೇಳಿದ್ದು ಅದರ ರಾಗ ಮಾತ್ರ. ಯಾರ ದನಿಯಾದರೂ ಸರಿ, ಎರಡು ಸಲ ಕೇಳಿದರೆ ಅವನ ಗಂಟಲಲ್ಲಿ ಕೂತುಬಿಡುತ್ತಿತ್ತು. ಡಿಪಾರ್ಟ್‌ಮೆಂಟಿನ ಹಿರಿಯ ಮೇಷ್ಟ್ರ ಕೆಮ್ಮು, ಮಲ್ಪೆಯ ಮೀನು ಏಲಂನವನ ಕೂಗು, ಕಾರ್ಕಳ ಬಸ್ಸಿನ ಕಂಡಕ್ಟರ್, ಎಲ್ಲ ಬರುತ್ತಿತ್ತು. ಹಾಸ್ಟೆಲಿನಲ್ಲಿ ಭಾರೀ ಚಪ್ಪಾಳೆ ಬೀಳುತ್ತಿದ್ದದ್ದು ಮಾತ್ರ ಜೋಯಲ್‌ನ ದನಿಗೆ. ಮೊದಲ ವರ್ಷ ಜೋಯಲ್‌ನೇ ಹೊಟ್ಟೆ ಹಿಡಿದು ನಕ್ಕಿದ್ದ. ಆಮೇಲೆ ಅವನು ನಗುವುದು ಕಡಿಮೆಯಾದದ್ದನ್ನು ಯಾರೂ ಗಮನಿಸಲಿಲ್ಲ, ಮಾತು ಕಡಿಮೆಯಾದದ್ದನ್ನೂ.

ಹಗ್ಗ ಎಳೆಯುವವರ ಮುಂದೆ ನಿಂತು ಲಕ್ಷಿತ್ ಜೋಯಲ್‌ನ ಕಾಲೆಳೆಯಲು ಸುರು ಮಾಡಿದ. ಎದೆ ಉಬ್ಬಿಸಿ, ಭುಜ ಎತ್ತಿ, ದಪ್ಪ ದನಿ ತೆಗೆದು, "ವಾಸೂ ಅಂಕ್ಲ್... ನಾನೂ... ಎಳೆಯಬಹುದಾಆಆ?"

ಇಡೀ ಹಗ್ಗ ನಕ್ಕಿತು. ನಕ್ಕ ರಭಸಕ್ಕೆ ಎರಡು ಮಾರು ಹಿಂದೆ ಜಾರಿತು.

"ಏ, ಬಿಡಬೇಡಿ ಮಾರಾಯ್ರೆ, ಮೀನು ಹೋದೀತು!" ವಾಸು ನಗುತ್ತಲೇ ಬೈದರು. ಅದು ಮಗನ ಹೊಸ ಐಟಂ ಎಂದೇ ಅವರು ತಿಳಿದದ್ದು.

"ಇನ್ನೊಮ್ಮೆ ಮಾಡು ಮಗಾ!" ಹಗ್ಗ ಹಿಡಿದಲ್ಲಿಂದಲೇ ತಾಯಿ ರತ್ನಾವತಿ ಕೂಗಿದರು.

ಲಕ್ಷಿತ್ ಇನ್ನೊಮ್ಮೆ ಮಾಡಿದ. ಜೋಯಲ್ ಕೂಡ ನಕ್ಕ. ಆಮೇಲೆ ಹೋಗಿ ಕುರ್ಚಿಯಲ್ಲಿ ಕೂತ.

ಬಲೆ ಬಂತು. ಒಳ್ಳೆಯ ಬೂತಾಯಿ ಮೀನು, ನಡುವೆ ಒಂದಷ್ಟು ಬಂಗುಡೆ. ಹೊಯಿಗೆಯ ಮೇಲೆ ಪಾಲು ಬಿದ್ದು, ಒಬ್ಬೊಬ್ಬರೇ ಚೀಲ ತುಂಬಿಕೊಂಡು ಹೊರಟರು. ವಾಸು ಲುಂಗಿಗೆ ಕೈ ಒರೆಸಿಕೊಂಡು ಬಂದು, ಬೀಳ್ಕೊಡಲು ಜೋಯಲ್‌ನ ಕೈ ಹಿಡಿದವರು ಹಾಗೇ ನಿಂತರು. ಅವನ ಅಂಗೈಯನ್ನು ಮೆಲ್ಲ ಮಗುಚಿದರು. ಹೆಬ್ಬೆರಳಿನ ಬುಡದಿಂದ ಕಿರುಬೆರಳಿನ ತನಕ ಒಂದು ಹಳೆಯ ಗಾಯದ ಗೆರೆ.

"ಇದು ಹಗ್ಗ ಕೊಯ್ದದ್ದಲ್ವಾ?" ಎಂದು ತಮ್ಮ ಅಂಗೈಯನ್ನು ಅದರ ಪಕ್ಕ ಇಟ್ಟರು. ಅಲ್ಲೂ ಅಂಥದೇ ಗೆರೆ. "ಕೇಳು ಅವನಿಗೆ."

ಲಕ್ಷಿತ್ ಕೇಳಿದ. ಜೋಯಲ್ ಹೇಳಿದ, ಅವರ ಊರಿನ ದೊಡ್ಡ ಸರೋವರದಲ್ಲೂ ಇದೇ ತರಹದ ಬಲೆ ಉಂಟಂತೆ. ಎಂಟನೇ ವಯಸ್ಸಿನಿಂದ ಸ್ಕಾಲರ್‌ಶಿಪ್ ಸಿಗುವ ತನಕ ಅವನು ಎಳೆದವನೇ. ಅಪ್ಪ ಈಗಲೂ ಎಳೆಯುತ್ತಾರೆ.

ನಾಲ್ಕು ವರ್ಷ ಒಂದೇ ರೂಮು. ಲಕ್ಷಿತ್ ಅವನ ದನಿಯ ಏರಿಳಿತವನ್ನೆಲ್ಲ ಕಲಿತಿದ್ದ. ಅವನ ಅಪ್ಪ ಎಂತ ಮಾಡುತ್ತಾರೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ವಾಸು ಹೋಗಿ ತಮ್ಮ ಪಾಲಿನಿಂದ ಎರಡೂ ಕೈಯಲ್ಲಿ ಬಾಚಿ ಒಂದು ಗುಡ್ಡೆ ಮಾಡಿದರು. ಉಳಿದವರ ಗುಡ್ಡೆಯಷ್ಟೇ, ಒಂದು ಮೀನು ಹೆಚ್ಚಿಲ್ಲ. "ತೆಗೆದುಕೊಳ್ಳಲಿ. ನಮ್ಮ ರತ್ನಾವತಿ ಈಗಲೇ ಹುರಿದು ಕೊಡ್ತಾಳೆ, ಅವನ ಪಾಲಿನದ್ದನ್ನೇ ಉಣ್ಣಲಿ."

"ಬೇಡ," ಎಂದು ಜೋಯಲ್ ಕನ್ನಡದಲ್ಲೇ ಹೇಳಿ ಒಂದು ಹೆಜ್ಜೆ ಹಿಂದೆ ಸರಿದ. ಉಳಿದದ್ದನ್ನು ಇಂಗ್ಲಿಷಿನಲ್ಲಿ ಹೇಳಿದ. "ಎಳೆಯದವನಿಗೆ ಪಾಲಿಲ್ಲ ಅಂಕಲ್. ನಮ್ಮಲ್ಲೂ ಅದೇ ಕ್ರಮ."

ಲಕ್ಷಿತ್ ತುಳುವಿನಲ್ಲಿ ಹೇಳಿದಾಗ ವಾಸುವಿನ ಮುಖ ಸಣ್ಣದಾಯಿತು. "ನಾಳೆ ಬೆಳಿಗ್ಗೆ ಪುನಃ ಬಲೆ ಬಿಡ್ತೇವೆ, ಆಗ..." ಎಂದವರು ಅರ್ಧಕ್ಕೇ ನಿಲ್ಲಿಸಿದರು. ಸಿಟ್ಟು ಮಗನ ಕಡೆ ತಿರುಗಿತು. "ಅಲ್ಲ ಮಾರಾಯ, ಒಂದು ಮಾತು ಕೇಳಲಿಕ್ಕೆ ನಿನ್ನ ಈ ದೋಸ್ತಿಗೆ ಎಂತ ಆಗಿತ್ತು? ನಾನು ಬೇಡ ಅಂತಿದ್ದೆನಾ?"

ಲಕ್ಷಿತ್‌ನ ಬಾಯಿಯಿಂದ ಯಾರ ದನಿಯೂ ಹೊರಡಲಿಲ್ಲ.

"ಎಂತ ಕೇಳ್ತಿದ್ದಾರೆ?" ಎಂದ ಜೋಯಲ್.

ಲಕ್ಷಿತ್ ನೆಲ ನೋಡುತ್ತಾ ಇಂಗ್ಲಿಷಿನಲ್ಲಿ ಹೇಳಿದ. ಜೋಯಲ್ ಅವನನ್ನೇ ಒಂದು ಗಳಿಗೆ ನೋಡಿದ. ಬಾಗಿ, ಪ್ಯಾಂಟಿಗೆ ಹತ್ತಿದ ಹೊಯಿಗೆ ಕೊಡವಿಕೊಂಡ.

"ಕೇಳಲಿಕ್ಕೆ ನನಗೆ ನಾಚಿಕೆಯಾಯಿತು ಅಂತ ಹೇಳು."

ಲಕ್ಷಿತ್ ಅದನ್ನು ಅಪ್ಪನಿಗೆ ಹಾಗೆಯೇ ಹೇಳಿದ. ಅಪ್ಪ ನಂಬಿದರು.