ಮಾಸ್ತರರಿಗೆ ಬೇಯಿಸಿದ ನುಚ್ಚು

ಜನರಿಗೆ ಹಸಿವಾಗುವುದು ನಿಂತು ಹನ್ನೊಂದು ವರ್ಷವಾಗಿತ್ತು. ಎಲ್ಲರೂ ಗಡಿಯಾರ ನೋಡಿಕೊಂಡು ಕಂಪನಿಯ ಟ್ಯೂಬಿನಿಂದ ಆಹಾರ ಹಿಂಡಿ ನುಂಗುತ್ತಿದ್ದರು. ಆಸ್ಪತ್ರೆಗಳೂ ಅಡುಗೆಮನೆಗಳನ್ನು ಮುಚ್ಚಿದ್ದವು. ಗದುಗಿನ ಒಂದು ಹಳೆಯ ಆಸ್ಪತ್ರೆಯಲ್ಲಿ ಮಾತ್ರ ನೀಲಗಂಗವ್ವ ಇನ್ನೂ ಒಲೆ ಹಚ್ಚುತ್ತಿದ್ದಳು.

ಆಪರೇಶನ್ ಆಗಿ ನಾಲ್ಕು ದಿನವಾದರೂ ಇಮಾಮಸಾಬ ಮಾಸ್ತರರ ಹೊಟ್ಟೆಗೆ ಏನೂ ಇಳಿದಿರಲಿಲ್ಲ. ಟ್ಯೂಬಿನ ಆಹಾರವನ್ನು ಉಗುಳುತ್ತಿದ್ದರು. ಹೀಗಾದರೆ ಉಳಿಯುವುದು ಕಷ್ಟವೆಂದು ಡಾಕ್ಟರು ಹೇಳಿದ್ದರು. ನೀಲಗಂಗವ್ವ ಬೆಳಿಗ್ಗೆ ಗಂಜಿ ಒಯ್ದಳು, ಮಧ್ಯಾಹ್ನ ಮೆತ್ತನೆಯ ಅನ್ನ ಒಯ್ದಳು. ಎರಡೂ ಹಾಗೇ ಮರಳಿದವು. ಕಾಲು ಸೋತಿದ್ದರೂ ಸಂಜೆ ಮತ್ತೆ ಬಂದು ಅವರ ಹಾಸಿಗೆಯ ಪಕ್ಕ ಕುಳಿತಳು.

“ಮಾಸ್ತರ್ರ, ಹಸಿವು ಇದ್ದಾಗ ನಿಮಗ ಏನು ಸೇರತಿತ್ರಿ?”

ಅವರು ಅವಳತ್ತ ಮುಖ ತಿರುಗಿಸಿದರು. “ಜ್ವಾಳದ ನುಚ್ಚು. ಬಳ್ಳೊಳ್ಳಿ ಒಗ್ಗರಣಿ ಹಾಕಿದ ಮಜ್ಜಗಿ. ಈಗ ಯಾರ್ ಮಾಡ್ತಾರ ಬಿಡವಾ.”

“ನಾ ಕೆಳಗ ಅಡಗಿಮನ್ಯಾಗ ಅದೀನಲ್ರಿ.”

ಅವಳು ಇಳಿದು ಹೋಗಿ, ನುಚ್ಚು ಬೇಯಿಸಿ, ಬಿಸಿ ಆರುವ ಮೊದಲೇ ಮೆಟ್ಟಿಲು ಹತ್ತಿ ಬಂದಳು. ಮಾಸ್ತರರು ಒಂದು ತುತ್ತು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದರು. ಆಮೇಲೆ ನಿಧಾನವಾಗಿ ಬಟ್ಟಲು ಬರಿದು ಮಾಡಿದರು.

“ಹಸಿವೇನೂ ಇಲ್ಲವಾ,” ಎಂದರು. “ಆದರ ಇನ್ನೊಂಚೂರು ಇದ್ರ ಹಾಕು.”

ಪಾತ್ರೆ ಕೆಳಗಿತ್ತು. ನೀಲಗಂಗವ್ವ ಮೊಣಕಾಲು ಹಿಡಿದುಕೊಂಡು ಎದ್ದು, ಬಟ್ಟಲು ತೆಗೆದುಕೊಂಡು ಮೆಟ್ಟಿಲಿನತ್ತ ನಡೆದಳು.