ಅಡ್ಡಹೆಸರಿನ ಫೈಲು

ಆಸ್ಪತ್ರೆಯ ಯುನಿಕ್ಸ್ ಸರ್ವರಿನಲ್ಲಿ ‘ಅಡ್ಡಹೆಸರು’ ಎಂಬ ಫೈಲೊಂದಿದೆ ಎಂದು ಯಾರೋ ನಿರ್ದೇಶಕರ ಕಿವಿಗೆ ಹಾಕಿದರು. ಬೆನ್ನ ಹಿಂದೆ ತಮಗೂ ಒಂದು ಅಡ್ಡಹೆಸರಿದೆ ಎಂದು ಅವರಿಗೆ ಗೊತ್ತಿತ್ತು; ಐದೇ ನಿಮಿಷಕ್ಕೆ ಅವರು ಕಂಪ್ಯೂಟರ್ ಕೋಣೆಯಲ್ಲಿದ್ದರು.

“ತೆಗೀರಿ ಅದನ್ನ. ನಾನು ನೋಡ್ಬೇಕು.”

ಸಿಸ್ಟಂ ನೋಡಿಕೊಳ್ಳುವವಳು ತೆರೆದು ತೋರಿಸಿದಳು. ಒಟ್ಟು ಆರು ಸಾಲು. ಎಡಕ್ಕೆ ಗಿಡ್ಡ ಹೆಸರು, ಬಲಕ್ಕೆ ಉದ್ದ ಹೆಸರು.

“ಇವು ಮನುಷ್ಯರ ಅಡ್ಡಹೆಸರಲ್ಲ ಸರ್, ಪಟ್ಟಿಗಳದ್ದು. ಡ್ಯೂಟಿ ಡಾಕ್ಟರನ್ನ ಹುಡುಕೋಕೆ ಇಷ್ಟುದ್ದ ಟೈಪ್ ಮಾಡೋ ಬದಲು ‘ಡಾಕ್’ ಅಂತ ಹೊಡೆದ್ರೆ ಸಾಕು. ಯಾವ ಕೋಣೆ, ಯಾವ ಫೋನು, ಎಲ್ಲ ಬರುತ್ತೆ.”

ನಿರ್ದೇಶಕರು ಆರೂ ಸಾಲುಗಳನ್ನು ಬೆರಳಿಟ್ಟು ಓದಿದರು. ಮತ್ತೆ ಕೆಳಗಿನಿಂದ ಮೇಲಕ್ಕೆ ಓದಿದರು.

“ಹಾಗಾದ್ರೆ ‘ಖಾಲಿ ಡಬ್ಬ’ ಎಲ್ಲಿ?”

“ಅದು ಯಾವ ಪಟ್ಟಿ ಸರ್?”

ಅವರ ಕಿವಿ ಕೆಂಪಾಯಿತು. “ಅಳಿಸಿ ಇದನ್ನ. ಇಲ್ಲಿ ಯಾವುದಕ್ಕೂ ಅಡ್ಡಹೆಸರು ಬೇಡ.”

“ಆಪರೇಟರ್‌ಗೆ ಕಷ್ಟ ಆಗುತ್ತೆ ಸರ್. ಉದ್ದ ಹೆಸರಲ್ಲಿ ಒಂದು ಚುಕ್ಕೆ ತಪ್ಪಿದ್ರೂ...”

“ಅಳಿಸಿ ಅಂದೆ.”

ಅಳಿಸಿದಳು. ಉದ್ದ ಹೆಸರನ್ನು ಚೀಟಿಯಲ್ಲಿ ಬರೆದು ಟೆಲಿಫೋನ್ ಆಪರೇಟರ್‌ಗೆ ಕೊಟ್ಟುಬಂದಳು.

ಮಧ್ಯಾಹ್ನ ಎರಡಕ್ಕೆ ಉಸಿರಾಟಕ್ಕೆ ಒದ್ದಾಡುತ್ತಿದ್ದ ಮಗುವೊಂದನ್ನು ತಂದರು. ಆಪರೇಟರ್ ಅಭ್ಯಾಸಬಲದಿಂದ ‘ಡಾಕ್’ ಎಂದು ಹೊಡೆದರು. ಅಂಥ ಪಟ್ಟಿಯೇ ಇಲ್ಲ ಎಂದಿತು ಕಂಪ್ಯೂಟರು. ಚೀಟಿ ನೋಡಿಕೊಂಡು ಉದ್ದ ಹೆಸರು ಹೊಡೆದರು; ಚುಕ್ಕೆ ಬಿಟ್ಟುಹೋಯಿತು. ಮತ್ತೆ ಹೊಡೆದರು; ಒಂದಕ್ಷರ ಹೆಚ್ಚಾಯಿತು. ಕೊನೆಗೆ ಕುರ್ಚಿ ಬಿಟ್ಟೆದ್ದು, ಮೂರು ಮಹಡಿ ಹತ್ತಿ ಓಡಿ, ಕೋಣೆ ಕೋಣೆ ಹುಡುಕಿ, ಡಾಕ್ಟರನ್ನು ಕೈಹಿಡಿದು ಎಳೆತಂದರು. ಮಗು ಬದುಕಿತು. ಆದರೆ ಏಳು ನಿಮಿಷ ತಡವಾಗಿತ್ತು. ಮಗುವಿನ ತಾಯಿ ದೂರು ಬರೆದುಕೊಟ್ಟಳು.

ಸಂಜೆಯೊಳಗೆ ಮೇಲಿನವರಿಗೆ ವರದಿ ಹೋಗಬೇಕಿತ್ತು. ಅದನ್ನು ಟೈಪ್ ಮಾಡಲು ನಿರ್ದೇಶಕರು ಸಿಸ್ಟಂ ನೋಡಿಕೊಳ್ಳುವವಳನ್ನು ತಮ್ಮ ಕೋಣೆಗೆ ಕರೆಸಿದರು.

“ಕಾರಣ ಅನ್ನೋ ಕಡೆ ಆಪರೇಟರ್ ಕೈ ನಿಧಾನ ಅಂತ ಹಾಕಿ. ಅವರಿಗೂ ವಯಸ್ಸಾಯ್ತು, ಮನೇಲಿ ಕೂತ್ಕೊಳ್ಳಲಿ.”

ಹೇಳಿಕೆ ಕೊಡಲು ಬಂದ ಆಪರೇಟರ್ ಬಾಗಿಲಲ್ಲೇ ನಿಂತಿದ್ದರು. ಮಾತು ಕೇಳಿಸಿತ್ತು. ಅವರು ತಮ್ಮ ಕೈಬೆರಳುಗಳನ್ನು ಒಮ್ಮೆ ಬಿಡಿಸಿ ನೋಡಿಕೊಂಡರು.

ಅವಳು ಟೈಪ್ ಮಾಡಿ ಕಾಗದವನ್ನು ಮುಂದಿಟ್ಟಳು. ನಿರ್ದೇಶಕರು ಮೇಲಿನವರಿಗೆ ಫೋನಿನಲ್ಲಿ, ಶಿಸ್ತು ಎಂದರೇನೆಂದು ವಿವರಿಸುತ್ತಿದ್ದರು. ಮಾತು ನಿಲ್ಲಿಸದೆ, ಓದದೆ ಸಹಿ ಹಾಕಿದರು. ಮೊಹರನ್ನೂ ಒತ್ತಿದರು.

‘ವಿಳಂಬಕ್ಕೆ ಕಾರಣ’ ಎಂಬ ಅಚ್ಚಿನ ಮುಂದೆ ಇದ್ದದ್ದು ಎರಡೇ ಪದ: ‘ನಿರ್ದೇಶಕರ ಆದೇಶ’.

ಶಾಯಿ ಒಣಗುವವರೆಗೂ ಅವಳು ಆ ಕಾಗದದ ಮೇಲೆ ಮೆಲ್ಲಗೆ ಊದುತ್ತ ನಿಂತಳು.