ಕುದುರೆ ಬಿಚ್ಚಿದರು

ಬಾಲಿಂಟನಿಗೆ ಉಸಿರು ಸಾಲುತ್ತಿರಲಿಲ್ಲ. ಸಂಜೆ ಕಾಣುವುದು ಅನುಮಾನ ಎಂದು ಡಾಕ್ಟರು ಹೇಳಿದ ಮೇಲೆ ಅವನ ಹೆಂಡತಿ ಜೋಫಿ ಬುಡಾಪೆಸ್ಟಿಗೆ ತಂತಿ ಕಳಿಸಿದ್ದಳು. ತಂತಿ ಕೈಗೆ ಬಂದದ್ದೇ ಕಾದಂಬರಿಕಾರ ಬೆರೆಂಡಿ ಆಕೋಶರು ತಂಗಿಯ ಮಗಳು ವಿಲ್ಮಾಳನ್ನು ಕರೆದುಕೊಂಡು ಬಾಲಿಂಟನ ಊರಾದ ದೆಬ್ರೆತ್ಸೆನ್ನಿನ ರೈಲು ಹತ್ತಿದರು. ಸಾವಿರದ ಎಂಟುನೂರ ನಲವತ್ತೊಂಬತ್ತರಲ್ಲಿ ಹಂಗೇರಿಯ ಕ್ರಾಂತಿ ಸೋತಾಗ ಬೆರೆಂಡಿಯವರನ್ನು ತನ್ನ ಗಿರಣಿಯಲ್ಲಿ ಬಚ್ಚಿಟ್ಟವನು ಬಾಲಿಂಟ್. ಬಾಯಿ ಬಿಡದೆ ನಾಲ್ಕು ವರ್ಷ ಜೈಲಿನಲ್ಲಿ ಕೊಳೆತವನೂ ಅವನೇ. ಬೆರೆಂಡಿಯವರು ಅವನ ಹೆಸರಿಟ್ಟೇ ಒಂದು ಕಾದಂಬರಿ ಬರೆದು ದೇಶಕ್ಕೆ ದೇಶವೇ ಅಳುವಂತೆ ಮಾಡಿದ್ದರು. ಅವನನ್ನು ನೋಡಲು ಮಾತ್ರ ನಲವತ್ತು ವರ್ಷಗಳಲ್ಲಿ ಒಮ್ಮೆಯೂ ಬಂದಿರಲಿಲ್ಲ.

ನಿಲ್ದಾಣದಲ್ಲಿ ಗಾಡಿ ತಯಾರಿರಲಿ ಎಂದು ವಿಲ್ಮಾ ಮಾವನ ಹೆಸರಿನಲ್ಲೇ ತಂತಿ ಕೊಟ್ಟಿದ್ದಳು. ಅದೇ ಎಡವಟ್ಟಾಯಿತು, ಸುದ್ದಿ ಊರಿಗೆಲ್ಲ ಹಬ್ಬಿತ್ತು. ಗಾಡಿಯೂ ಇತ್ತು, ಅದರ ಸುತ್ತ ಕಾಲೇಜಿನ ಹುಡುಗರು ಜೇನುಹುಳದ ಹಾಗೆ ಮುತ್ತಿದ್ದರು. "ಬಾಳಲಿ, ಬಾಳಲಿ" ಎಂಬ ಕೂಗಿನ ನಡುವೆ ಇಬ್ಬರು ಆಗಲೇ ಕುದುರೆಗಳನ್ನು ಬಿಚ್ಚುತ್ತಿದ್ದರು. ಪ್ರೀತಿ ಹೆಚ್ಚಾದರೆ ಆ ದೇಶದ ಹುಡುಗರು ಕುದುರೆ ಬಿಚ್ಚಿ ತಾವೇ ಗಾಡಿ ಎಳೆಯುತ್ತಾರೆ.

"ಮುಟ್ಟಬೇಡ್ರೋ," ಎಂದ ಗಾಡಿಯವನು. "ಅವೇನು ನಿಮ್ಮಪ್ಪನ ಮನೆ ಕುದುರೆನಾ?"

"ಇವತ್ತು ನಾವೇ ಕುದುರೆ, ಅಜ್ಜ."

"ಕುದುರೆಗಾದ್ರೆ ಹೇಳಿದ ಕಡೆ ಹೋಗೋದು ಗೊತ್ತು."

ವಿಲ್ಮಾ ಮುಂದಾಳಿನ ತೋಳು ಹಿಡಿದು ಜಗ್ಗಿದಳು. "ದಾರಿ ಬಿಡಪ್ಪ. ಬಾಲಿಂಟ್ ಸಾಯ್ತಿದ್ದಾರೆ. ಅವರನ್ನ ನೋಡೋಕೇ ಬಂದಿರೋದು."

"ಯಾವ ಬಾಲಿಂಟ್? ಗಿರಣಿ ಬಾಲಿಂಟಾ?" ಹುಡುಗ ನಕ್ಕ. "ನಮಗೇ ಹೇಳ್ತೀರಾ ಅಮ್ಮಾ? ಅವನು ಸೇತುವೆ ಮೇಲೆ ಗುಂಡು ತಿಂದು ಸತ್ತಿದ್ದು ಯಾರಿಗೆ ಗೊತ್ತಿಲ್ಲ? ನಾನೇ ಎರಡು ಸಲ ಓದಿ ಅತ್ತಿದೀನಿ."

"ಅದು ಕಾದಂಬರೀಲಿ ಕಣೋ."

ಅವನಿಗೆ ಕೇಳಿಸಲಿಲ್ಲ. ಗಾಡಿ ಹೊರಟೇಬಿಟ್ಟಿತು. ಬಾಲಿಂಟನ ಮನೆಯ ಬೀದಿ ಎಡಕ್ಕೆ ಕಂಡಿತು, ಹಿಂದೆ ಸರಿಯಿತು. ಹುಡುಗರು ನೇರವಾಗಿ ದೊಡ್ಡ ಇಗರ್ಜಿಯ ಚೌಕಕ್ಕೆ ಎಳೆದುತಂದು ನಿಲ್ಲಿಸಿದರು.

"ಮಾವ, ಇಳಿರಿ. ಇಲ್ಲಿಂದ ನಡಕೊಂಡೇ ಹೋಗೋಣ. ಹಿಂದಿನ ಬೀದಿನೇ."

"ಇಷ್ಟು ಜನ ಬಂದಿದ್ದಾರೆ, ವಿಲ್ಮಾ. ಎರಡು ಮಾತಾಡಿ ಇಳೀತೀನಿ."

"ಅವರು ನಾಳೆನೂ ಇರ್ತಾರೆ."

ಮುದುಕರು ಆಗಲೇ ಎದ್ದು ನಿಂತಿದ್ದರು. ರೈಲಿನಲ್ಲಿ ಹಿಡಿದುಕೊಂಡಿದ್ದ ಬೆನ್ನು ಈಗ ಕೋಲಿನಂತೆ ನೆಟ್ಟಗಾಗಿತ್ತು. ಗಿರಣಿಯ ಕಥೆಯನ್ನೇ ಎತ್ತಿಕೊಂಡರು. ಹೊರಗೆ ಮೊಣಕಾಲುದ್ದ ಹಿಮ, ಹಿಟ್ಟಿನ ಮೂಟೆಗಳ ಹಿಂದೆ ತಾವು, ಬಾಗಿಲಲ್ಲಿ ಸಿಪಾಯಿಗಳ ಬಂದೂಕು, ಎದೆಯೊಡ್ಡಿ ನಿಂತ ಬಾಲಿಂಟ್. ಹೆಂಗಸರು ಕಣ್ಣೊರೆಸಿಕೊಂಡರು. ವಿಲ್ಮಾ ಎರಡು ಸಲ ಕೋಟಿನ ತುದಿ ಎಳೆದಳು. ಅವರು ಎರಡು ಸಲವೂ ಅವಳ ಕೈ ಸರಿಸಿದರು. ಇಳಿದಾಗ ಜನ ಮೈಮೇಲೆ ಬಿದ್ದರು. ಮುಟ್ಟುವವರು ಮುಟ್ಟಿದರು, ನೆನಪಿಗೆಂದು ಕೀಳುವವರು ಕಿತ್ತುಕೊಂಡರು.

ಅವರು ಮನೆ ಮುಟ್ಟಿದಾಗ ಜೋಫಿ ಬಾಗಿಲಲ್ಲೇ ನಿಂತಿದ್ದಳು. ಒಳಗೆ, ಸಾವಾದ ಮನೆಯಲ್ಲಿ ಅಲ್ಲಿನವರು ಮಾಡುವ ಹಾಗೆ, ಕನ್ನಡಿಗೆ ಬಟ್ಟೆ ಮುಚ್ಚಿಯಾಗಿತ್ತು.

"ನಿಮ್ಮ ಗಂಟಲು ಈಗಲೂ ಚೆನ್ನಾಗಿದೆ," ಎಂದಳು. "ಕಿಟಕಿ ತೆಗೀ ಅಂದ್ರು ನಮ್ಮನೆಯವರು, ತೆಗೆದೆ. ಪೂರ್ತಿ ಕೇಳಿಸಿಕೊಂಡ್ರು."

"ಏನಾದರೂ ಅಂದನಾ?" ಬೆರೆಂಡಿಯವರ ದನಿ ಇಳಿಯಿತು.

"ಅಂದ್ರು. 'ಅದು ಆಗಸ್ಟ್ ತಿಂಗಳು ಕಣೇ. ಇವನು ಹಿಮ ಎಲ್ಲಿಂದ ತಂದ?' ಅಂದ್ರು. ಆಮೇಲೆ ಮಾತಾಡ್ಲಿಲ್ಲ."

ಬೆರೆಂಡಿಯವರು ಟೋಪಿ ತೆಗೆಯಲೆಂದು ತಲೆಗೆ ಕೈ ಹಾಕಿದರು. ತಲೆ ಬರಿದಾಗಿತ್ತು. ಆಗ ವಿಲ್ಮಾ ಮಾವನನ್ನು ಮೇಲಿಂದ ಕೆಳಗೆ ಸರಿಯಾಗಿ ನೋಡಿದಳು. ಚೌಕದಲ್ಲಿ ಕಳೆದದ್ದು ಇಷ್ಟು: ಒಂದು ಟೋಪಿ, ಎಡಗೈಯ ಗವಸು, ಕೋಟಿನ ಐದು ಗುಂಡಿ, ಮುಕ್ಕಾಲು ಗಂಟೆ.